ನಲವತ್ತು ಸೆಕೆಂಡಿನ ಸಾಲು

ಒಂದೂರಲ್ಲಿ ಒಂದು ಸಾಲು ಇತ್ತಂತೆ. ರಾಜನಲ್ಲ, ರಾಜಕುಮಾರಿಯಲ್ಲ, ಮಾತಾಡುವ ಗಿಳಿಯೂ ಅಲ್ಲ, ಬರೀ ಒಂದು ಸಾಲು. ಒಂದು ದೊಡ್ಡ ಪ್ರೋಗ್ರಾಮಿನ ಲಕ್ಷ ಸಾಲುಗಳ ನಡುವೆ ಹನ್ನೊಂದು ವರ್ಷದಿಂದ ತೆಪ್ಪಗೆ ಕೂತಿತ್ತು. ಅದರ ತಲೆಯ ಮೇಲೆ ಕಾವಲಿಗೊಂದು ಟಿಪ್ಪಣಿ: ‘ತೆಗೆಯಬೇಡಿ. ಕಾರಣ ಆಮೇಲೆ ಬರೆಯುತ್ತೇನೆ. ಟಿ. ಎಲ್.’ ಆ ಟಿ. ಎಲ್., ಅಂದರೆ ಟೌನೊ ಲೆಹ್ತಿಸಾರಿ, ಕಾರಣ ಬರೆಯದೆಯೇ ಸತ್ತುಹೋದ.

ಈಗ ಚರ್ಚಿನಲ್ಲಿ ಅವನ ಶವಪೆಟ್ಟಿಗೆಯ ಕಡೆಗೆ ನಡೆಯುತ್ತಿದ್ದ ಇಲ್ಮಾಳ ಕೈಯಲ್ಲಿ ಕಂಪನಿಯ ಹೂಗುಚ್ಛವಿತ್ತು, ತಲೆಯಲ್ಲಿ ಆ ಸಾಲಿತ್ತು. ಎಡಕ್ಕೆ ಸಹೋದ್ಯೋಗಿ ರಿಕು, ಬಲಕ್ಕೆ ಕಂಪನಿಯ ಒಡತಿ ಹೆಲ್ವಿ. ಹೆಲ್ವಿ ಹೂಗುಚ್ಛದ ಚೀಟಿ ನೋಡಿ ಓದಿದಳು: “ಹತ್ತೊಂಬತ್ತು ವರ್ಷ ನಮ್ಮ ಜೊತೆ ಕೂತು, ಒಂದು ದಿನವೂ ಸದ್ದು ಮಾಡದ ಗೆಳೆಯನಿಗೆ.” ಮೂವರೂ ತಲೆಬಾಗಿ ಹೂವಿಟ್ಟು ಹಿಂತಿರುಗಿದರು.

ಬೆಂಚಿನಲ್ಲಿ ಕೂರುವಾಗ ರಿಕು ಪಿಸುಗುಟ್ಟಿದ. “ಸೋಮವಾರ ಪ್ರೋಗ್ರಾಮಿನ ಹೊಸ ಆವೃತ್ತಿ ಹೋಗುತ್ತೆ ಇಲ್ಮಾ. ಆ ಸಾಲು ತೆಗೀತೀನಿ.”

“ಇಲ್ಲೇ ಹೇಳ್ಬೇಕಾ ಅದನ್ನ?”

“ಆಫೀಸಲ್ಲಿ ಹೇಳಿದ್ರೆ ಕೇಳ್ತೀಯಾ ಮಾರಾಯ್ತಿ? ಕಾರಣ ಇಲ್ದಿರೋ ಸಾಲು ಇರ್ಬಾರ್ದು ಅಂತ ನಿಯಮ ಬರೆದೋನು ನಾನಲ್ಲ. ಅಗೋ, ಅಲ್ಲಿ ಮಲಗಿದಾನಲ್ಲ, ಅವನೇ.”

ಅದು ನಿಜವೇ ಆಗಿತ್ತು.

* * *

ಮೂರು ವರ್ಷದ ಹಿಂದೆ ಅವಳು ಕೆಲಸಕ್ಕೆ ಸೇರಿದಾಗ ಟೌನೊನ ಎದುರು ಮೇಜೇ ಸಿಕ್ಕಿತ್ತು. ತುರ್ಕು ಬಂದರು ಪಟ್ಟಣದ ಆಚೆಯ ದ್ವೀಪಗಳಿಗೆ ಕಾರನ್ನೂ ಜನರನ್ನೂ ದಾಟಿಸುವ ಫೆರಿಗಳಿವೆಯಲ್ಲ, ಅವುಗಳ ಗೇಟು ಏಳಿಸಿ ಬೀಳಿಸುವ ಪ್ರೋಗ್ರಾಮು ಇವರದು. ಬೆಳಗ್ಗೆ ಎಲ್ಲರೂ ವೃತ್ತಾಕಾರವಾಗಿ ನಿಂತು ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ ಎಂದು ಹೇಳಬೇಕು. ಟೌನೊನ ಸರದಿ ಬಂದರೆ ಒಂದೇ ಮಾತು, “ನಿನ್ನೆಯ ಹಾಗೇ.” ಪ್ರೋಗ್ರಾಮು ಕೆಡಿಸಿದವರು ಶುಕ್ರವಾರ ಏಲಕ್ಕಿ ಬನ್ನು ತರಬೇಕು ಅನ್ನುವುದು ಅಲ್ಲಿಯ ಕಟ್ಟಳೆ. ಏನೂ ಕೆಡಿಸದ ಟೌನೊ ಮಾತ್ರ ಆಗಾಗ ತರುತ್ತಿದ್ದ. ಯಾಕೆ ಅಂದರೆ, ಯಾರೂ ಕೆಡಿಸದ ವಾರ ಬನ್ನಿಲ್ಲದೆ ಬೇಜಾರು ಅನ್ನುತ್ತಿದ್ದ.

ಆ ಸಾಲು ಇಲ್ಮಾಳ ಕಣ್ಣಿಗೆ ಬಿದ್ದದ್ದು ಮೊದಲ ವಾರದಲ್ಲೇ. ಕೊನೆಯ ಕಾರು ಹತ್ತಿದ ಮೇಲೆ ಗೇಟು ಸುಮ್ಮನೆ ನಲವತ್ತು ಸೆಕೆಂಡು ಕಾಯಬೇಕು ಎನ್ನುತ್ತಿತ್ತು ಅದು. ಚಳಿಗೆ ಯಂತ್ರದ ಎಣ್ಣೆ ಗಟ್ಟಿಯಾಗುತ್ತೆ, ಅದಕ್ಕಿರಬೇಕು ಅಂತ ರಿಕು ಪಂಥ ಕಟ್ಟಿದ್ದ. ಎಲ್ಲೋ ಕಾನೂನಿರಬೇಕು ಅಂತ ಹೆಲ್ವಿ. ಇಲ್ಮಾಳ ಊಹೆಯೇ ಬೇರೆ. ಅಜ್ಜಿಯ ಕತೆಗಳಲ್ಲಿ ನೀರಿನಿಂದೆದ್ದು ಬರುವ ಹೆಂಗಸರಿಗೆ ಒಂದಿಷ್ಟು ಹೊತ್ತು ಬೇಕಾಗುತ್ತಿತ್ತು, ಕೂದಲು ಹಿಂಡಿಕೊಳ್ಳಲು.

“ಬರೀತೀನಿ ಬರೀತೀನಿ,” ಅಂದಿದ್ದ ಟೌನೊ.

“ನೀನು ಬರೀದಿದ್ರೆ ನಾನೇ ಬರೀತೀನಿ ನೋಡು.”

ಅವನು ಕನ್ನಡಕ ತೆಗೆದು ಅವಳನ್ನೇ ಒಂದು ಗಳಿಗೆ ನೋಡಿದ. “ಮಾತಾ?”

“ಮಾತು.”

ಅವತ್ತೇ ಕಂಪ್ಯೂಟರಿನಲ್ಲಿದ್ದ ಕೆಲಸಗಳ ಹಲಗೆಯಲ್ಲಿ ‘ನಲವತ್ತರ ಕಾರಣ ಬರೆಯುವುದು’ ಅನ್ನುವ ಚೀಟಿಯ ಮೇಲೆ ತನ್ನ ಹೆಸರಿನ ಪಕ್ಕ ಅವಳ ಹೆಸರನ್ನೂ ಸೇರಿಸಿದ.

* * *

ಎಲ್ಲರ ಹೂವೂ ಆದ ಮೇಲೆ, ಹಿಂದಿನ ಬೆಂಚಿನಿಂದ ಎಪ್ಪತ್ತು ದಾಟಿದ ಹೆಂಗಸೊಬ್ಬಳು ಎದ್ದು ಬಂದಳು. ಅಂಗಡಿಯ ಹೂವಲ್ಲ, ಬಂಡೆ ಸಂದಿಯ ನೇರಳೆ ಕಾಡುಹೂ ಒಂದು ಹಿಡಿ, ಹುರಿಯಲ್ಲಿ ಕಟ್ಟಿದ್ದು. ಟೌನೊನ ಅಕ್ಕ ಸುಯ್ಮಾ ಇದ್ಯಾರು ಎಂಬಂತೆ ಅತ್ತಿತ್ತ ನೋಡಿದಳು.

“ಕೌರಸಾರಿ ದ್ವೀಪದ ತಿರುವಿನ ಮನೆಯಿಂದ,” ಅಂದಳು ಹೆಂಗಸು, ಪೆಟ್ಟಿಗೆಗೆ. “ನಲವತ್ತು ಸೆಕೆಂಡಿಗೆ.”

ಇಲ್ಮಾ ರಿಕುವಿನ ತೋಳು ಹಿಡಿದಳು. ಹಿಡಿದದ್ದು ಜೋರಾಯಿತೇನೋ, ಅವನು ಮುಖ ಕಿವುಚಿದ.

ಕಾಫಿಯ ಹೊತ್ತಿಗೆ ಮೀನಿನ ಬ್ರೆಡ್ಡಿನ ತಟ್ಟೆ ಹಿಡಿದು ಇಬ್ಬರೂ ಆಕೆಯ ಎದುರು ಕೂತರು. ಹೆಸರು ಹಿಲ್ಯಾ. ಪಟ್ಟಣದ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ ಮಾಡುತ್ತಿದ್ದಳಂತೆ. ಬೆಳಗಿನ ಫೆರಿ ತಪ್ಪಿದರೆ ಇನ್ನೊಂದಕ್ಕೆ ಎರಡು ಗಂಟೆ. ಮುಂಚೆ ಗೇಟು ಹಾಕುವವನು ತಿರುವಿನಲ್ಲಿ ಇವಳ ಸೈಕಲ್ ಕಂಡರೆ ಕಾಯುತ್ತಿದ್ದ. ಹನ್ನೊಂದು ವರ್ಷದ ಹಿಂದೆ ಅವನ ಜಾಗಕ್ಕೆ ಯಂತ್ರ ಬಂತು.

“ಮಷೀನಿಗೆ ಕಣ್ಣೆಲ್ಲಿ? ಮೊದಲನೇ ದಿನವೇ ನನ್ನ ಮೂಗಿನ ಮುಂದೆ ಗೇಟು ಬಿತ್ತು. ಪಕ್ಕದಲ್ಲೊಬ್ಬ ಕಂಪ್ಯೂಟರ್ ತೊಡೆ ಮೇಲಿಟ್ಕೊಂಡು ಕೂತಿದ್ದ. ಬಾಯಿಗೆ ಬಂದ ಹಾಗೆ ಬೈದೆ.”

“ಏನಂದ?” ಕೇಳಿದಳು ಇಲ್ಮಾ.

“ಏನೂ ಇಲ್ಲ. ‘ತಿರುವಿಗೆ ಹೋಗಿ ಇನ್ನೊಂದ್ಸಲ ಬನ್ನಿ’ ಅಂದ. ಗಡಿಯಾರ ನೋಡ್ಕೊಂಡು ಮೂರು ಸಲ ಓಡಾಡಿಸಿದ, ಪುಣ್ಯಾತ್ಮ.”

ಆಮೇಲೆ ಪ್ರತಿ ಆಗಸ್ಟಿನಲ್ಲೂ ಅವಳ ಮನೆಗೆ ಬಂದು ಹೊಸ ಆಲೂಗಡ್ಡೆ ಕೊಳ್ಳುತ್ತಿದ್ದನಂತೆ. ಅವನಿಗೆಂದು ತೆಗೆದಿಡುವ ಚೀಲದ ಮೇಲೆ ತಾನು ಬರೆಯುತ್ತಿದ್ದ ಹೆಸರನ್ನೇ ಹೋದ ವಾರ ಪೇಪರಿನ ಮರಣವಾರ್ತೆಯಲ್ಲಿ ಕಂಡಳು. ಕಾರಣ ಯಾಕೆ ಬರೆಯಲಿಲ್ಲ ಎಂದು ಇಲ್ಮಾ ಕೇಳಿದಾಗ ಹಿಲ್ಯಾ ಕಾಫಿ ಬಟ್ಟಲು ಕೆಳಗಿಟ್ಟಳು. “ನಾನೂ ಕೇಳಿದ್ದೆ. ಬರೆದ್ರೆ ಒಬ್ಬಳಿಗೋಸ್ಕರವಾ ಅಂತ ಕೇಳ್ತಾರೆ, ಅಂದ.”

ರಿಕು ಗಂಟಲು ಸರಿಮಾಡಿಕೊಂಡ. “ನೀವೀಗ ಕೆಲಸಕ್ಕೆ ಹೋಗೋದಿಲ್ಲ ಅಲ್ವಾ?”

“ಬಿಟ್ಟು ಆರು ವರ್ಷ ಆಯ್ತು.”

“ಹಾಗಾದ್ರೆ,” ಅಂದ ರಿಕು ಮೆಲ್ಲಗೆ, “ಕಾರಣ ಹೋಯ್ತಲ್ಲ.”

ಇಲ್ಮಾಳಿಗೆ ಸಿಕ್ಕ ಕಾರಣ ಕೈಯಲ್ಲೇ ಆರಿಹೋದಂತಾಯಿತು. ಹಿಲ್ಯಾ ಮಾತ್ರ ನಕ್ಕಳು. “ಎಲ್ಲಿ ಹೋಗುತ್ತಪ್ಪ? ನನಗೋಸ್ಕರ ಗೇಟು ಕಾಯೋದು ನೋಡಿ ನೋಡಿ ಊರೇ ತಡ ಮಾಡೋದು ಕಲಿತಿದೆ. ಗೇಟು ಆಕಳಿಸ್ತಿದೆ, ಇನ್ನೂ ಹೊತ್ತಿದೆ ಅಂತಾರೆ. ನಮ್ಮ ಪಾದ್ರಿ ಮನೆ ಬಿಡೋದೂ ಆಕಳಿಕೆ ಲೆಕ್ಕದಲ್ಲೇ. ಅದೊಂದಿಲ್ಲ ಅಂದ್ರೆ ಭಾನುವಾರ ಆ ಕಡೆ ದ್ವೀಪಕ್ಕೆ ಪ್ರಾರ್ಥನೆ ಇಲ್ಲ.”

ಮಾತಿನಲ್ಲಿ ಹೊತ್ತು ಹೋದದ್ದು ತಿಳಿಯಲಿಲ್ಲ. ಗಡಿಯಾರ ನೋಡಿ ಹಿಲ್ಯಾ ಎದ್ದಾಗ ರಿಕು ಕಾರಿನ ಕೀಲಿ ತೆಗೆದ.

* * *

ದಡ ಕಾಣುವ ಹೊತ್ತಿಗೆ ಕೊನೆಯ ಕಾರು ಫೆರಿಯೊಳಗೆ ಹೋಗುತ್ತಿತ್ತು. ರಿಕು ಗಕ್ಕನೆ ನಿಲ್ಲಿಸಿದ. ಹಿಲ್ಯಾ ಇಳಿದು ಕೈಚೀಲ ಭುಜಕ್ಕೇರಿಸಿಕೊಂಡು ನಡೆದಳು, ಅವಸರವಿಲ್ಲದೆ, ಕಾಯುತ್ತಾರೆ ಎಂದು ಗೊತ್ತಿರುವವರ ನಡಿಗೆಯಲ್ಲಿ.

ಗೇಟು ಬಾಯಿ ತೆರೆದು ನಿಂತೇ ಇತ್ತು. ರಿಕುವಿನ ತುಟಿ ಅಲುಗುತ್ತಿರುವುದು ಇಲ್ಮಾಳಿಗೆ ಕಂಡಿತು. ಅವನು ಎಣಿಸುತ್ತಿದ್ದ. ಮೂವತ್ತೊಂದಕ್ಕೆ ಹಿಲ್ಯಾ ಗೇಟು ದಾಟಿದಳು. ನಲವತ್ತಕ್ಕೆ ಅದು ಅವಳ ಬೆನ್ನ ಹಿಂದೆ ಮೆತ್ತಗೆ ಬಿತ್ತು.

ಇಲ್ಮಾ ಹಿಂದಿನ ಸೀಟಿನಿಂದ ಲ್ಯಾಪ್‌ಟಾಪ್ ಎಳೆದುಕೊಂಡು ಆ ಸಾಲಿನ ತಲೆಯ ಮೇಲಿನ ಟಿಪ್ಪಣಿ ಬದಲಿಸಿ ಬರೆದಳು: ‘ತೆಗೆಯಬೇಡಿ. ತಿರುವಿನ ಮನೆಯಿಂದ ಗೇಟಿಗೆ ಸೈಕಲ್ಲಿನಲ್ಲಿ ನಲವತ್ತು ಸೆಕೆಂಡು. ಟಿ. ಎಲ್. ಖುದ್ದಾಗಿ ಅಳೆದದ್ದು, ಮೂರು ಸಲ.’

ಇನ್ನೊಬ್ಬರು ಓದಿ ಒಪ್ಪದೆ ಯಾವ ಸಾಲೂ ಒಳಗೆ ಹೋಗುವಂತಿಲ್ಲ. ಅವಳು ಲ್ಯಾಪ್‌ಟಾಪನ್ನು ರಿಕುವಿನ ಕಡೆ ತಿರುಗಿಸಿದಳು. ಅವನು ಓದಿದ, ಇನ್ನೊಮ್ಮೆ ಓದಿದ.

“ಎಣ್ಣೆ ಅಂತ ಪಂಥ ಕಟ್ಟಿದ್ದೆ,” ಅಂದ. “ಶುಕ್ರವಾರದ ಬನ್ನು ನಾನೇ ತರ್ತೀನಿ.”

ಅವನು ಗುಂಡಿ ಒತ್ತಿದ. ಪರದೆಯ ಮೇಲೆ ಎರಡು ಹೆಸರುಗಳಿದ್ದ ಪುಟ್ಟ ಚೀಟಿ ಹನ್ನೊಂದು ವರ್ಷ ಕೂತಿದ್ದ ‘ಬಾಕಿ’ ಸಾಲಿನಿಂದೆದ್ದು, ಜಾರುತ್ತ ಜಾರುತ್ತ, ‘ಮುಗಿದವು’ ಅನ್ನುವ ಸಾಲಿಗೆ ಹೋಗಿ ಕೂತಿತು.