ಯಾರೂ ಬರೆಯದ ಬಾಗಿಲು

ಫ್ಯಾನಿನ ಗಾಳಿಗೆ ಟ್ರೇಸಿಂಗ್ ಹಾಳೆಯ ಮೂಲೆ ಏಳುತ್ತದೆ, ಬೀಳುತ್ತದೆ, ಯಾರೋ ಉಸಿರಾಡಿದ ಹಾಗೆ, ಸುಮ್ನಿರೇ ತಾಯಿ ಎಂದು ಅವಳು ಸ್ಕೇಲನ್ನು ಮೇಲಿಟ್ಟಳು, ಐದಾಗಲು ಇನ್ನು ಸ್ವಲ್ಪವೇ — ಐದಕ್ಕೆ ಎಲ್ಲರೂ ಪೆನ್ಸಿಲ್ ಕೆಳಗಿಟ್ಟು ಒಟ್ಟಿಗೆ ಹೊರಡುವುದೆಂದು ಮಾತಾಗಿದೆ, ದಿನಾ ಅಪರಾತ್ರಿಯವರೆಗೆ ಬಿಟ್ಟಿ ದುಡಿಯುವ ಆರ್ಕಿಟೆಕ್ಟರು ಒಂದು ದಿನವಾದರೂ ಹೊತ್ತಿಗೆ ಸರಿಯಾಗಿ ಮನೆಗೆ, ಅಷ್ಟೇ ಮುಷ್ಕರ, ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು, ನೀವೇ ಹಿರಿಯರು ಅಕ್ಕಾ, ನೀವೆದ್ರೆ ನಾವೂ ಏಳ್ತೀವಿ ಅಂದಿದ್ದ ಪಕ್ಕದ ಮೇಜಿನ ಗಡ್ಡದವನು ಈಗ ತಲೆಯನ್ನೇ ಎತ್ತುತ್ತಿಲ್ಲ, ಸಾರ್ ಬೆಳಿಗ್ಗೆ ಕರೆದು ಎಷ್ಟು ಮೆತ್ತಗೆ ಹೇಳಿದರು, ನಾವೆಲ್ಲ ಒಂದೇ ಮನೆಯವರಲ್ವೇನಮ್ಮಾ, ಮನೇಲಿ ಯಾರಾದ್ರೂ ಗಡಿಯಾರ ನೋಡ್ತಾರಾ, ಇವತ್ತು ಎದ್ದು ಹೋದೋರು ನಾಳೆ ಬರೋದು ಬೇಡ — ಮನೆಯಂತೆ ಮನೆ, ಇವರ ತಲೆ, ಆ ಹಾಳೆಗಳನ್ನು ಇವರು ನೋಡಬೇಕಿತ್ತು, ದುಡಿಮೆಯ ಕುರಿತು ಆರ್ಕಿಟೆಕ್ಟರ ಸಂಘ ನಡೆಸುವ ಚಿತ್ರಪ್ರದರ್ಶನಕ್ಕೆಂದು ಒಬ್ಬೊಬ್ಬರೂ ಮನೆಯಲ್ಲಿ ಕೂತು ಈ ಆಫೀಸಿನ ನಕ್ಷೆಯನ್ನು ನೆನಪಿನಿಂದಲೇ ಬರೆದು ತಂದಿದ್ದರು, ಇವತ್ತು ಊಟದ ಹೊತ್ತಿಗೆ ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ ಮೇಜಿನ ಮೇಲೆ ಮೇಜು ಕೂತಿತು, ಕಂಬದ ಮೇಲೆ ಕಂಬ, ಸಾರ್ ಕೋಣೆ, ನೀರಿನ ಡ್ರಮ್ಮು, ಎಲ್ಲ ಕರಾರುವಾಕ್ಕು, ಬಾಗಿಲೊಂದೇ ಇಲ್ಲ, ಯಾರ ಹಾಳೆಯಲ್ಲೂ ಇಲ್ಲ, ಅಯ್ಯೋ, ಊರಿಗೆಲ್ಲ ಬಾಗಿಲು ಬರೆದುಕೊಡುವವರು, ನಕ್ಷೆಯಲ್ಲಿ ಬಾಗಿಲೆಂದರೆ ಇಷ್ಟೇ, ಗೆರೆಯೊಂದು, ಅದು ತೆರೆಯುವ ಕಾಲುವೃತ್ತವೊಂದು, ನಿದ್ದೆಯಲ್ಲೂ ಕೈ ಎಳೆಯುತ್ತದೆ, ದೀಪದ ಬುಡದಲ್ಲೇ ಕತ್ತಲೆ ಅಂತ ನಗಲು ಹೋದ ಗಡ್ಡದವನ ನಗು ಅರ್ಧಕ್ಕೇ ನಿಂತಿತು, ನಿನ್ನೆ ಮಗಳು ಇವಳ ಹಾಳೆ ನೋಡಿ ಕೇಳಿದ್ದಳಲ್ಲ, ಅಮ್ಮಾ, ಇದ್ರಿಂದ ನೀನು ಹೊರಗೆ ಹೇಗೆ ಬರ್ತೀಯಾ, ಸುಮ್ನೆ ಊಟ ಮಾಡು ಅಂದಿದ್ದಳು ಇವಳು.

ಐದು. ಪೆನ್ಸಿಲ್ ಇಟ್ಟ ಸದ್ದು ಒಂದೂ ಇಲ್ಲ, ಭಯ, ನಿಜಕ್ಕೂ ಭಯ, ಕೆಲಸ ಹೋದರೆ ಬೇರೆ ಯಾರು ಕರೆಯುತ್ತಾರೆ ಈ ವಯಸ್ಸಿನಲ್ಲಿ, ಆದದ್ದಾಗಲಿ, ಎದ್ದಳು, ಕುರ್ಚಿ ಕಿರ್ರೆಂದಿತು, ಹಿಂದೆ ಇನ್ನೊಂದು ಕುರ್ಚಿ, ಮತ್ತೊಂದು, ಎದ್ದರಲ್ಲ, ದೇವರೇ, ಎಲ್ಲರೂ ಎದ್ದರು, ನಡೀರಿ ಅಕ್ಕಾ, ನೀವು ಮುಂದೆ — ತಿರುಗಿದಳು, ಕಂಬ ಇದೆ, ಡ್ರಮ್ಮು ಇದೆ, ಗೋಡೆ ಇದೆ, ಬರೀ ಬಿಳಿ ಗೋಡೆ, ಬೆಳಿಗ್ಗೆ ಒಳಗೆ ಬಂದದ್ದು ಯಾವ ಕಡೆಯಿಂದ, ಹಿಂದೆ ನಿಂತವರ ಉಸಿರು ಕತ್ತಿಗೆ ತಾಗುತ್ತಿದೆ, ಯಾಕಕ್ಕಾ ನಿಂತ್ರಿ, ಇಲ್ಲೇ ಇರಬೇಕು, ಇಲ್ಲೇ, ಕೆಳಗಿಡದೆ ಕೈಯಲ್ಲೇ ಉಳಿದಿದ್ದ ಪೆನ್ಸಿಲ್ ತಾನಾಗಿ ಗೋಡೆಗೆ ಒತ್ತಿತು, ಗೆರೆಯೊಂದು, ಕಾಲುವೃತ್ತವೊಂದು, ಅಮ್ಮಾ ನೀನು ಹೊರಗೆ ಹೇಗೆ, ಅದರ ಮೇಲೇ ಇನ್ನೊಂದು ಸಲ, ಗಟ್ಟಿಯಾಗಿ, ಕಾಲುವೃತ್ತ, ಕಾಲುವೃತ್ತ —