ಗುಂಡಿಗೆ ಇಳಿಯುವವನ ಹೆಸರು

೧೯೭೯ರ ಬೇಸಿಗೆಯಲ್ಲಿ ಚಿದಾನಂದಪ್ಪ ಬಳ್ಳಾರಿಯ ಪಾರ್ವತಿನಗರದ ದೊಡ್ಡಬಸಪ್ಪನವರ ಮನೆಗೆ ಒಂದು ನಕ್ಷೆ ತಂದ. ಕುರುಗೋಡಿನ ಶಾಲೆಯಲ್ಲಿ ಅವನಿಗೆ ಗಣಿತ ಕಲಿಸಿದವರು ಅವರು. ಅವನು ಈಗ ಹೊಸ ಬಗೆಯ ಅಣುಸ್ಥಾವರವೊಂದನ್ನು ರೂಪಿಸುವ ತಂಡದಲ್ಲಿದ್ದ. ನಕ್ಷೆ ಎರಡು ಸಲ ತಿರಸ್ಕೃತವಾಗಿತ್ತು. ಸೋಮವಾರ ಒಪ್ಪಿಸದಿದ್ದರೆ ತಂಡದಿಂದ ತೆಗೆಯುವುದಾಗಿ ಮುಖ್ಯಸ್ಥರು ಬರೆದು ತಿಳಿಸಿದ್ದರು.

ಈ ಸ್ಥಾವರದಲ್ಲಿ ಶಾಖವನ್ನು ಸಾಗಿಸುವುದು ನೀರಲ್ಲ, ಕರಗಿದ ಸೋಡಿಯಂ. ಗಾಳಿ ತಗುಲಿದರೆ ಅದು ಹೊತ್ತಿಕೊಳ್ಳುತ್ತದೆ. ಆದುದರಿಂದ ಅದರ ಕೊಳವೆಗಳಿರುವ ಆಳವಾದ ಗುಂಡಿಯಲ್ಲಿ ಗಾಳಿಯ ಬದಲು ಆರ್ಗಾನ್ ಅನಿಲ ತುಂಬಿರುತ್ತದೆ. ವರ್ಷಕ್ಕೊಮ್ಮೆ ಸೋಡಿಯಂ ಬಸಿದ ಮೇಲೆ ಒಬ್ಬ ಮನುಷ್ಯ ಇಳಿದು ಕೊಳವೆಗಳನ್ನು ಪರೀಕ್ಷಿಸಬೇಕು.

ದೊಡ್ಡಬಸಪ್ಪನವರು ಮೂರು ತಾಸು ಲೆಕ್ಕ ನೋಡಿದರು. ತಪ್ಪಿರಲಿಲ್ಲ. ಕೊನೆಗೆ ಮೂಲೆಯ ಟಿಪ್ಪಣಿಯ ಮೇಲೆ ಬೆರಳಿಟ್ಟರು: ‘ಮುಚ್ಚಳ ತೆಗೆದು ಒಂದು ದಿನ ಬಿಟ್ಟು ಇಳಿಯತಕ್ಕದ್ದು.’

“ಇದನ್ನ ಯಾವ ಪುಸ್ತಕದಾಗ ಓದಿದಿ?”

“ಪುಸ್ತಕ ಯಾಕ್ರಿ ಸರ? ನಮ್ಮ ಮನಿ ಹಗೇವು ಹಂಗ ತೆಗಿತಿದ್ವಿ. ಇವತ್ತು ಬಾಯಿ ತೆಗದು ನಾಳಿ ಇಳಿಯೋದು.”

ಹಗೇವು ಎಂದರೆ ಜೋಳ ತುಂಬಿಡುವ ನೆಲಗುಂಡಿ. ಅದರೊಳಗೂ ಕೆಟ್ಟ ಗಾಳಿ ಕಟ್ಟಿರುತ್ತದೆ.

“ಆರ್ಗಾನ್ ತೂಕ ಎಷ್ಟು?”

“ನಲವತ್ತು.”

“ಗಾಳಿದು?”

“ಇಪ್ಪತ್ತೊಂಬತ್ತು.”

“ಹಂಗಾರ ಭಾರ ಇದ್ದದ್ದು ಮ್ಯಾಲ ಯಾಕ ಬರತೈತಿ? ನೀ ಕರದಿ ಅಂತ ಬರತೈತೇನಲೇ?”

ಕುರುಗೋಡಿನಲ್ಲಿ ಆ ಹಗೇವು ತೆಗೆಯುವುದನ್ನು ಕಂಡಿದ್ದ ಮೇಷ್ಟರ ಹೆಂಡತಿ ಚನ್ನವೀರಮ್ಮ ಅಡುಗೆಮನೆಯಿಂದಲೇ ಹೇಳಿದರು:

“ನಿಮ್ಮಪ್ಪ ಮದಲು ಕಂದೀಲು ಇಳಿಬಿಡ್ತಿದ್ದನಪ್ಪ. ಅದು ಆರಿದ್ರ ಕೆಟ್ಟ ಗಾಳಿ ಹೋಗ್ಲಿ ಅಂತ ಕಂಬಳಿ ಬೀಸ್ತಿದ್ದ. ನಿನ್ನ ಕಣ್ಣು ಬರೇ ಜ್ವಾಳದ ಮ್ಯಾಲಿತ್ತು.”

“ಇಳಿಯಾವನ ಹೆಸರೇನು?” ಎಂದು ದೊಡ್ಡಬಸಪ್ಪನವರು ಕೇಳಿದರು.

“ನಕ್ಷೇದಾಗ ಹೆಸರು ಇರಂಗಿಲ್ರಿ ಸರ.”

“ಅದಕ್ಕ, ಅವ ಸತ್ರೂ ನಿನ್ನ ಲೆಕ್ಕ ತಪ್ಪಂಗಿಲ್ಲ.”

ಚಿದಾನಂದಪ್ಪ ಟಿಪ್ಪಣಿಯನ್ನು ಹೊಡೆದುಹಾಕಿದ. ಗುಂಡಿಯ ತಳದಿಂದ ಅನಿಲ ಹೀರುವ ಯಂತ್ರವನ್ನೂ ಅಲ್ಲಿಯ ಆಮ್ಲಜನಕ ಅಳೆದು ಮೇಲೆ ತೋರಿಸುವ ಮಾಪಕದ ಮುಳ್ಳನ್ನೂ ನಕ್ಷೆಗೆ ಸೇರಿಸಲು ಹನ್ನೊಂದು ದಿನ ಹಿಡಿಯಿತು. ಸೋಮವಾರ ದಾಟಿಹೋಗಿತ್ತು; ಹನ್ನೆರಡನೆಯ ದಿನ ನಕ್ಷೆ ಒಪ್ಪಿಸಿದಾಗ ಅವನನ್ನು ತಂಡದಿಂದ ತೆಗೆದರು. ನಕ್ಷೆಯನ್ನು ಇಟ್ಟುಕೊಂಡರು.

೧೯೮೫ರಲ್ಲಿ ಮೇಷ್ಟರಿಗೆ ಅವನ ಪತ್ರ ಬಂತು; ಹಳೆಯ ತಂಡದವರಿಂದ ಕೇಳಿದ್ದನ್ನು ಬರೆದಿದ್ದ. ಗುಂಡಿಯನ್ನು ಮೊದಲ ಸಲ ತೆರೆದಿದ್ದರು. ಹೀರುವ ಯಂತ್ರ ಕೆಟ್ಟಿತ್ತು. ಮುಚ್ಚಳ ತೆಗೆದು ಒಂದು ದಿನ ಕಳೆದರೂ ಮುಳ್ಳು ಸೊನ್ನೆಯನ್ನು ಬಿಟ್ಟು ಕದಲಲಿಲ್ಲ. ಇಳಿಯಬೇಕಾಗಿದ್ದವನು ಏಣಿಯ ಮೇಲಿಟ್ಟ ಕಾಲನ್ನು ಹಿಂದಕ್ಕೆ ತೆಗೆದು ಊಟಕ್ಕೆ ಹೋದ.

ಪತ್ರದ ಕೊನೆಯ ಸಾಲು ಹೀಗಿತ್ತು: ‘ಹೆಸರು ಎರ್ರೆಪ್ಪ, ಸರ.’