ಇನ್ನೆಷ್ಟು ದೂರ ಎಂದು ಕೇಳಿದವರಿಗೆ

ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯನ್ನು ಅಗೆದವರು ಯಾರು ಅಂತ ಕೇಳುತ್ತಾರೆ. ಬಿಸಿನೀರಿನ ಬುಗ್ಗೆಯನ್ನು ಎಷ್ಟು ಗಂಟೆಗೆ ಆನ್ ಮಾಡುತ್ತೀರಿ ಅಂತ ಕೇಳುತ್ತಾರೆ. ಬೆಟ್ಟದ ಬಂಡೆಯಲ್ಲಿ ನಾಲ್ವರು ಅಧ್ಯಕ್ಷರ ಮುಖ ಕೆತ್ತಿದ್ದಾರಲ್ಲ, ಹಿಂದುಗಡೆ ಹೋದರೆ ಅವರ ಬೆನ್ನು ಕಾಣುತ್ತದಾ ಅಂತ ಒಬ್ಬ ಪುಣ್ಯಾತ್ಮ ಕೇಳಿದ್ದ. ಇಲ್ಲ ಸರ್, ಬರೀ ಬೆಟ್ಟ ಕಾಣುತ್ತದೆ ಅಂದೆ. ಅವನಿಗೆ ಬೇಜಾರಾಯಿತು. ನನಗೆ ಅದಕ್ಕಿಂತ ಬೇಜಾರು. ಜನ್ಮದಲ್ಲಿ ಬೆಂಗಳೂರನ್ನೇ ಎರಡು ಸಲ ನೋಡಿದವಳು ನಾನು. ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಹತ್ತಿರ ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಕೂತು, ಅಮೆರಿಕದವರಿಗೆ ಅಮೆರಿಕದ ದಾರಿ ಹೇಳುವುದು ನನ್ನ ಕೆಲಸ.

ಅಲ್ಲಿನ ಒಂದು ಟೂರಿಸ್ಟ್ ಬಸ್ ಕಂಪನಿ ಈ ಕೆಲಸವನ್ನು ನಮ್ಮ ಕಾಂತರಾಜಣ್ಣನಿಗೆ ಕಾಂಟ್ರಾಕ್ಟ್ ಕೊಟ್ಟಿದೆ. ಪ್ರವಾಸಿಗಳ ಟಿಕೆಟ್ಟಿನ ಹಿಂದೆ ಒಂದು ನಂಬರ್ ಇರುತ್ತದೆ, ಏನು ಬೇಕಾದರೂ ಕೇಳಿ ಅಂತ ಬರೆದಿರುತ್ತದೆ. ಅವರು ಅಲ್ಲಿ ಒತ್ತಿದರೆ ಇಲ್ಲಿ ನನ್ನ ಕಿವಿಯಲ್ಲಿ ಕೂಗುತ್ತದೆ. ಯಾವ ಪ್ರಶ್ನೆಗೆ ಯಾವ ಉತ್ತರ ಅನ್ನುವುದು ಸ್ಕ್ರೀನ್ ಮೇಲೆ ಬರುತ್ತದೆ, ಅದನ್ನು ಓದಿದರಾಯಿತು. ಕರಡಿಗೆ ಬಿಸ್ಕತ್ತು ಹಾಕಬಹುದಾ ಅಂದರೆ ಹಾಕಬಾರದು. ನಾಯಿ ಕರೆದುಕೊಂಡು ಹೋಗಬಹುದಾ ಅಂದರೆ ಪಾರ್ಕಿನಿಂದ ಪಾರ್ಕಿಗೆ ಬೇರೆ. ಇನ್ನೆಷ್ಟು ದೂರ ಅಂದರೆ ಮಾತ್ರ ಒಂದೇ ಉತ್ತರ: ಅಲ್ಲಿರುವ ರೇಂಜರನ್ನು ಕೇಳಿ. ರೇಂಜರ್ ಅಂದರೆ ನಮ್ಮ ಫಾರೆಸ್ಟ್ ಗಾರ್ಡ್ ಇದ್ದ ಹಾಗೆ.

ಆ ಒಂದು ಉತ್ತರವನ್ನು ನಾನು ಓದಿದ್ದರೆ ಸಾಕಿತ್ತು.

ಜೂನ್ ತಿಂಗಳು. ನಮಗೆ ಆಗಷ್ಟೇ ಬೆಳಗಿನ ಶಿಫ್ಟ್ ಶುರುವಾಗಿತ್ತು, ಅವರಿಗೆ ಹಿಂದಿನ ದಿನದ ಸಂಜೆ. ಒಬ್ಬ ಹೆಂಗಸಿನ ಫೋನ್ ಬಂತು. ಹೆಸರು ಮಾರ್ಗರೆಟ್, ವಯಸ್ಸು ಅರವತ್ತೆಂಟು. ಬೆಳಿಗ್ಗೆ ಕಣಿವೆಗೆ ಇಳಿಯಲು ಶುರು ಮಾಡಿ, ಅಲ್ಲಲ್ಲಿ ಕೂತು, ಸುಮಾರು ಕೆಳಕ್ಕೆ ಬಂದುಬಿಟ್ಟಿದ್ದಳು. ಗಂಡನಿಗೆ ಮಂಡಿನೋವು, ಮೇಲೆ ಹೋಟೆಲಿನಲ್ಲಿ ಮುಲಾಮು ಹಚ್ಚಿಕೊಂಡು ಮಲಗಿದ್ದಾನಂತೆ. ಇವಳು ಒಂದು ಮರದ ನೆರಳಲ್ಲಿ ಕೂತಿದ್ದಳು, ಪಕ್ಕದಲ್ಲೇ ಕುಡಿಯುವ ನೀರಿನ ನಲ್ಲಿ.

"ನದಿ ಕಾಣೋ ಬಂಡೆ ಅಂತ ಒಂದಿದೆಯಂತಲ್ಲ, ಇನ್ನೆಷ್ಟು ದೂರ ಮಗಳೇ? ನನ್ನ ತಂಗಿ ಹರೆಯದಲ್ಲಿ ಅಲ್ಲಿವರೆಗೆ ಹೋಗಿ ಬಂದಿದ್ದಳು. ಇವತ್ತಿನವರೆಗೂ ಅದನ್ನೇ ಹೇಳಿ ಹೇಳಿ ನನ್ನ ತಲೆ ತಿಂದಿದ್ದಾಳೆ" ಅಂದಳು.

ನನಗೆ ನಗು ಬಂತು. ಕೆಲಸಕ್ಕೆ ಸೇರಿದ ಆರು ತಿಂಗಳಲ್ಲಿ ನನ್ನ ಜೊತೆ ಹೀಗೆ ಮನೆಯವರ ಥರ ಮಾತಾಡಿದವರು ಅವಳೊಬ್ಬಳೇ. ಸ್ಕ್ರೀನ್ ನೋಡದೆ ಹೇಳಿಬಿಟ್ಟೆ. "ಇಲ್ಲೇ ಮೇಡಂ, ಹತ್ತಿರ. ಇಷ್ಟು ದೂರ ಬಂದವರಿಗೆ ಅದೇನು ಮಹಾ? ಇನ್ನೇನು ಬಂದೇಬಿಟ್ಟಿತು."

ಇದು ನನ್ನ ಬುದ್ಧಿಯಿಂದ ಬಂದ ಮಾತಲ್ಲ, ರಕ್ತದಲ್ಲಿ ಬಂದದ್ದು. ನಮ್ಮದು ಶ್ರವಣಬೆಳಗೊಳದ ಪಕ್ಕದ ಜಿನನಾಥಪುರ. ಬೆಳಗೊಳಕ್ಕೆ ಬಂದವರು ನಮ್ಮೂರಿನ ಬಸದಿಯನ್ನೂ ನೋಡಲು ಬಿಸಿಲಲ್ಲಿ ನಡೆದು ಬರುತ್ತಾರೆ, ಏದುಸಿರು ಬಿಡುತ್ತಾ ದೂರ ಕೇಳುತ್ತಾರೆ. ಜಗಲಿಯ ಮೇಲೆ ಕೂತ ನಮ್ಮಜ್ಜಿ ಗುರುಸಿದ್ದಮ್ಮ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದಳು: "ಇಲ್ಲೇ ಕಣವ್ವ." ಯಾಕಜ್ಜಿ ಸುಳ್ಳು ಹೇಳ್ತೀಯ ಅಂದರೆ, "ದೂರ ಅಂದ್ರೆ ಕಾಲು ಅಲ್ಲೇ ಸೋತೋಯ್ತವೆ ಕಣೇ. ಇಲ್ಲೇ ಅಂದ್ರೆ ಎಂಗೋ ನಡ್ಕಂಡ್ ಓಯ್ತಾರೆ" ಅನ್ನುತ್ತಿದ್ದಳು. ಬೆಳಗೊಳದ ಬೆಟ್ಟ ಹತ್ತುವವರಿಗೂ ಇಳಿದು ಬರುವವರು ಅದನ್ನೇ ಹೇಳುತ್ತಾರೆ. ನಮ್ಮ ಕಡೆ ದೂರ ಅಂತ ಹೇಳುವವನು ಕೆಟ್ಟವನು.

ಆದರೆ ನಮ್ಮ ಬೆಟ್ಟದಲ್ಲಿ ಸುಸ್ತಾದವರು ಹಿಂದಕ್ಕೆ ತಿರುಗಿ ಇಳಿದುಬಿಡಬಹುದು. ಅಲ್ಲಿ ಬೆಟ್ಟ ತಲೆಕೆಳಗು. ಮೊದಲು ಇಳಿಯುವುದು, ಶಕ್ತಿಯೆಲ್ಲ ಮುಗಿದ ಮೇಲೆ ಹತ್ತುವುದು. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ದಿನಕ್ಕೆ ಹತ್ತು ಸಲ ಓದಿ ಹೇಳುವ ಎಚ್ಚರಿಕೆ ಅದು. ಬಾಯಿಗೆ ಗೊತ್ತಿತ್ತು, ತಲೆಗೆ ಹೋಗಿರಲಿಲ್ಲ.

ಕೆಳಗೆ ಅಂಗಡಿಯ ಶಟರ್ ಎತ್ತುವ ಹೊತ್ತಿಗೆ ಮತ್ತೆ ಅವಳ ಫೋನ್ ಬಂತು.

"ನದಿ ನೋಡಿದೆ ಮಗಳೇ. ನೀನು ಹೇಳಿರದಿದ್ದರೆ ಅಲ್ಲಿಂದಲೇ ವಾಪಸ್ ಹೋಗುತ್ತಿದ್ದೆ" ಅಂದಳು. ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. "ಈಗ ಏಳೋಕೆ ಆಗುತ್ತಿಲ್ಲ. ಎರಡು ಸಲ ವಾಂತಿ ಆಯಿತು. ನೀರು ಮುಗಿದಿದೆ. ಯಾರೂ ಕಾಣುತ್ತಿಲ್ಲ. ಇಲ್ಲಿ ಯಾವ ನಂಬರಿಗೆ ಮಾಡಿದರೂ ಹೋಗುತ್ತಿಲ್ಲ, ನಿಮ್ಮದೊಂದು ಸಿಕ್ಕಿತು. ಮೇಲಕ್ಕೆ ಎಷ್ಟು ದೂರ?"

ಮ್ಯಾಪ್ ತೆಗೆದೆ. ಹತ್ತು ಕಿಲೋಮೀಟರಿನ ಹತ್ತಿರ ಹತ್ತಿರ. ನಮ್ಮ ಬೆಳಗೊಳದ ದೊಡ್ಡ ಬೆಟ್ಟವನ್ನು ಒಂದರ ಮೇಲೊಂದು ಆರು ಸಲ ಪೇರಿಸಿದಷ್ಟು ಏರು. ನೀರಿನ ನಲ್ಲಿಗೇ ಎರಡೂವರೆ ಕಿಲೋಮೀಟರ್ ನಡೆಯಬೇಕು. ಅಲ್ಲಿ ಸೂರ್ಯ ಮುಳುಗಲು ಅರ್ಧ ಗಂಟೆಯೂ ಇರಲಿಲ್ಲ.

"ಮಗಳೇ, ಹತ್ತಿರ ತಾನೆ?"

ಇಲ್ಲೇ ಅಂದರೆ ಎದ್ದೇಳುತ್ತಾಳೆ. ಕತ್ತಲಲ್ಲಿ, ಪ್ರಪಾತದ ಅಂಚಿನಲ್ಲಿ, ತಲೆ ತಿರುಗುತ್ತಿರುವ ಹೆಂಗಸು ನಡೆಯುತ್ತಾಳೆ. ದೂರ ಅಂದರೆ ಅಲ್ಲೇ ಕೈಚೆಲ್ಲುತ್ತಾಳೆ.

"ದೂರ ಇದೆ ಮೇಡಂ" ಅಂದೆ. "ತುಂಬಾ ದೂರ. ನಿಮ್ಮಿಂದ ಆಗುವುದಿಲ್ಲ. ಎಲ್ಲಿದ್ದೀರೋ ಅಲ್ಲೇ ಕೂತಿರಿ, ಏಳಲೇಬೇಡಿ. ನಾನು ಜನ ಕಳಿಸುತ್ತೇನೆ."

ಅವಳು ಕೇಳಿದಳು. "ಮತ್ತೆ ಆಗ ಹತ್ತಿರ ಅಂದೆಯಲ್ಲ?"

ನಮ್ಮೂರಿನಲ್ಲಿ ಎಲ್ಲರಿಗೂ ಹಾಗೇ ಹೇಳುತ್ತೇವೆ ಅಂತ ಹೇಳುವುದಕ್ಕೆ ನನ್ನ ಇಂಗ್ಲಿಷಿನಲ್ಲಿ ದಾರಿ ಇರಲಿಲ್ಲ. "ತಪ್ಪು ಹೇಳಿದೆ ಮೇಡಂ" ಅಂದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ ಗೊತ್ತಿಲ್ಲ. ಫೋನ್ ಕಟ್ಟಾಗಿತ್ತು. ತಿರುಗಿ ಮಾಡಿದರೆ ಸ್ವಿಚ್ ಆಫ್.

ಅಮೆರಿಕದ ಎಮರ್ಜೆನ್ಸಿ ನಂಬರ್ ಚನ್ನರಾಯಪಟ್ಟಣದಿಂದ ಒತ್ತಿದರೆ ಹೋಗುವುದಿಲ್ಲ ಅಂತ ಅವತ್ತು ತಿಳಿಯಿತು. ನಮ್ಮ ಆಫೀಸಿನ ಲೈನಿನಿಂದ ಆ ಬಸ್ ಕಂಪನಿಗೊಂದಕ್ಕೇ ಹೋಗುವುದು. ಮಾಡಿದೆ. ಒಳ್ಳೆ ಸಂಗೀತ ಹಾಕಿದರು. ನಿಮ್ಮ ಕರೆ ನಮಗೆ ಬಹಳ ಮುಖ್ಯ ಅಂತ ಮತ್ತೆ ಮತ್ತೆ ಹೇಳಿದರು. ಪಕ್ಕದ ಸೀಟಿನ ದಿವ್ಯಾ ಅಷ್ಟರಲ್ಲಿ ನೆಟ್‌ನಲ್ಲಿ ಹುಡುಕಿ ಆ ಪಾರ್ಕಿನ ರೇಂಜರುಗಳ ನಂಬರ್ ತೆಗೆದಳು. ಫಾರಿನ್ನಿಗೆ ಹೋಗುವ ಫೋನ್ ಇದ್ದದ್ದು ಕಾಂತರಾಜಣ್ಣನ ಹತ್ತಿರ ಮಾತ್ರ.

ಅವನು ಕಾಫಿ ಲೋಟ ಹಿಡಿದುಕೊಂಡು ಬಂದು ಎಲ್ಲ ಕೇಳಿದ. ಮುಖ ಬಿಳಿಚಿಕೊಂಡಿತು.

"ಏನಂದ್ಬುಟ್ಟೆ ರಂಜಿತಾ ನೀನು? ಎಲ್ಲಾ ರೆಕಾರ್ಡ್ ಆಯ್ತದೆ ಕಣಮ್ಮ. ಕಂಪ್ನಿಯೋರ್ಗೆ ಮೇಲ್ ಆಕಣ, ಅವ್ರೇ ನೋಡ್ಕತಾರೆ. ನಾವ್ ಅಡ್ಡ ಬಾಯಿ ಆಕುದ್ರೆ ನಮ್ ಮ್ಯಾಲೇ ಬತ್ತದೆ."

"ಅವರು ಮೇಲ್ ನೋಡೋ ಹೊತ್ತಿಗೆ ಅವಳು ಇರಲ್ಲ. ಫೋನ್ ಕೊಡಣ್ಣ."

"ಇಲ್ಲಿ ಅದಿನೈದ್ ಜನ ಅನ್ನ ತಿಂತಾವ್ರೆ. ವಸಿ ತಾಳ್ಮೆ ತಗಾ."

ಕೇಳಿದರೆ ಕೊಡುವವನಲ್ಲ ಅನ್ನಿಸಿತು. ಅವನ ಜೇಬಿಗೇ ಕೈ ಹಾಕಿ ಕಿತ್ತುಕೊಂಡೆ. ಕಾಫಿ ಅವನ ಅಂಗಿಯ ಮೇಲೆ ಚೆಲ್ಲಿತು. ಅವನು ಹೊಡೆಯುತ್ತಾನೆ ಅಂದುಕೊಂಡೆ, ಅವನು ಕೈಯೆತ್ತಲಿಲ್ಲ. ನನ್ನ ಮುಖ ನೋಡಿ, ಸುಮ್ಮನೆ ಬಂದು ಫೋನಿನ ಲಾಕ್ ತೆಗೆದುಕೊಟ್ಟ.

ರೇಂಜರ್ ಒಬ್ಬ ಸಿಕ್ಕಿದ. ಗಡಸು ದನಿ, ಕೆಲಸದ ಮಾತು. ಎಲ್ಲಿದ್ದಾಳೆ, ವಯಸ್ಸೆಷ್ಟು, ವಾಂತಿ ಎಷ್ಟು ಸಲ, ಕೊನೆಗೆ ಮಾತಾಡಿದ್ದು ಯಾವಾಗ, ಎಲ್ಲ ಒಂದೊಂದಾಗಿ ಕೇಳಿದ. "ಈ ಬಿಸಿಲಲ್ಲಿ, ಈ ವಯಸ್ಸಿನಲ್ಲಿ, ನೀರಿನ ಜಾಗ ಬಿಟ್ಟು ಮುಂದೆ ಹೋಗಲು ಅವಳಿಗೆ ಯಾರು ಹೇಳಿದರು?"

ಕಾಂತರಾಜಣ್ಣ ಬೇಡ ಬೇಡ ಅಂತ ಕೈ ಆಡಿಸುತ್ತಿದ್ದ.

"ನಾನು" ಅಂದೆ.

ಅವನು ಒಂದು ಉಸಿರು ಬಿಟ್ಟು ಮುಂದಿನ ಪ್ರಶ್ನೆಗೆ ಹೋದ. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಕತ್ತಲಲ್ಲಿ ಹೆಲಿಕಾಪ್ಟರ್ ಆ ಕಣಿವೆಗೆ ಇಳಿಯುವುದಿಲ್ಲವಂತೆ. ಇಬ್ಬರು ನಡೆದು ಇಳಿಯುತ್ತಾರೆ, ಸುದ್ದಿ ಬಂದಾಗ ಫೋನ್ ಮಾಡುತ್ತೇವೆ ಅಂದ.

ಆಮೇಲಿನ ಹೊತ್ತನ್ನು ಹೇಗೆ ಕಳೆದೆನೋ ಶಿವನೇ ಬಲ್ಲ. ಕಿಟಕಿಯಾಚೆ ಬಿಸಿಲು ಏರುತ್ತಿತ್ತು, ಅರಕಲಗೂಡಿನ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ. ಅಲ್ಲಿ ಅವಳು ಕತ್ತಲಲ್ಲಿ ಒಬ್ಬಳೇ ಬಂಡೆಗೆ ಒರಗಿ ಕೂತಿದ್ದಾಳೆ. ಕೂತಿದ್ದಾಳೆ ತಾನೆ? ಕೂರು ಅಂದದ್ದು ನಾನು. ಹತ್ತಿರ ಅಂದವಳೂ ನಾನೇ. ಎರಡರಲ್ಲಿ ಯಾವುದನ್ನು ಅವಳು ನಂಬಬೇಕು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಅಜ್ಜಿಯೇ ಹೇಳುತ್ತಿದ್ದಳು. ಆಡುವ ಮಾತನ್ನು ಮಾತ್ರ ಅವಳೂ ಅಳೆಯಲಿಲ್ಲ. ಅಜ್ಜಿಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ತೀರಿಕೊಂಡ ಮುದುಕಿಯ ಮೇಲೆ ಸಿಟ್ಟು ಮಾಡಿಕೊಂಡು ಏನು ಬಂತು?

ದಿವ್ಯಾ ಇಡ್ಲಿ ತಂದಿಟ್ಟಳು. "ಒಂದಾದ್ರೂ ತಿನ್ನು ಕಣೇ. ಸಿಕ್ಕೇ ಸಿಕ್ತಾರೆ" ಅಂದಳು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ನಡುವೆ ಒಬ್ಬ ಫೋನ್ ಮಾಡಿ, ರಾತ್ರಿ ಹೊತ್ತು ಆ ಕಣಿವೆಗೆ ಲೈಟ್ ಹಾಕಿರುತ್ತಾರಾ ಅಂತ ಕೇಳಿದ. ಇಲ್ಲ ಸರ್, ಪೂರ್ತಿ ಕತ್ತಲು ಅಂತ ಹೇಳುವಾಗ ನನ್ನ ದನಿ ಒಡೆಯಿತು. ದಿವ್ಯಾ ನನ್ನ ತಲೆಯಿಂದ ಹೆಡ್‌ಫೋನ್ ತೆಗೆದು ತಾನು ಹಾಕಿಕೊಂಡಳು.

ಶಿಫ್ಟ್ ಮುಗಿದರೂ ನಾನು ಏಳಲಿಲ್ಲ. ಕಾಂತರಾಜಣ್ಣ ಫೋನನ್ನು ನನ್ನ ಮುಂದೆಯೇ ಬಿಟ್ಟಿದ್ದ, ಕಂಪನಿಯ ಸುದ್ದಿ ಎತ್ತಲಿಲ್ಲ. ಬಿಸಿಲು ಮೇಜಿನವರೆಗೆ ಬಂದಾಗ ಅದು ಹೊಡೆದುಕೊಂಡಿತು. ಅದೇ ರೇಂಜರ್.

"ಸಿಕ್ಕಿದರಾ ಸರ್?"

"ನಮ್ಮವರು ನೀರಿನ ನಲ್ಲಿ ದಾಟಿ ಮುಂದೆ ಹೋಗಿದ್ದಾರೆ ಮೇಡಂ. ಹೆಸರು ಹಿಡಿದು ಕೂಗುತ್ತಿದ್ದಾರೆ."

"ಅವರು ಉತ್ತರ ಕೊಡುತ್ತಿದ್ದಾರಾ?"

"ಅವರು ಇನ್ನೂ ಆ ಬಂಡೆ ತಲುಪಿಲ್ಲ."

"ಸರ್, ಆ ಬಂಡೆಗೆ ಇನ್ನೆಷ್ಟು ದೂರ?"

ಆ ಗಡಸು ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು, ಬಿಸಿಲಲ್ಲಿ ನಡೆದು ಬಂದವರ ಹತ್ತಿರ ಮಾತಾಡುವ ಹಾಗೆ.

"ಇಲ್ಲೇ ಮೇಡಂ, ಹತ್ತಿರ" ಅಂದ. "ಇನ್ನೇನು ಬಂದೇಬಿಟ್ಟಿತು."

ನಾನು ಗುರುಸಿದ್ದಮ್ಮನ ಮೊಮ್ಮಗಳು. ಆ ಮಾತನ್ನು ಯಾವಾಗ ಹೇಳುತ್ತಾರೆ ಅನ್ನುವುದು ನನಗೆ ಗೊತ್ತು.